ಮಿಂಚುಹುಳುವಿನ ಸರದಿ

ಮುಸ್ಸಂಜೆ ಹೊತ್ತಿಗೆ, ಜೇಡ ಕಚ್ಚಿದ್ದ ಒಂದು ಮಿಂಚುಹುಳು ಆಲದ ಪೊಟರೆಯ ಆಸ್ಪತ್ರೆಗೆ ತೆವಳಿಕೊಂಡು ಬಂತು. ಮಿಂಚುಹುಳುಗಳಿಗೆ ಬೆಳಕೇ ಮಾತು. "ವಿಷ ಎದೆಗೇರುತ್ತಿದೆ, ಬೇಗ ನೋಡಿ" ಎಂದು ಅದು ಮಿನುಗಿ ಮಿನುಗಿ ಹೇಳಿತು.

ಬಾಗಿಲಲ್ಲಿದ್ದ ಜೀರುಂಡೆ, "ಆಹಾ, ಎಂಥ ಬೆಳಕು! ಇಷ್ಟು ಚೆನ್ನಾಗಿ ಉರಿಯುವವರಿಗೆ ಅವಸರವೇನು? ಕೂತಿರಿ" ಎಂದಿತು. ಇರುವೆ ಸಿಸ್ಟರ್ ಬಂದು ಎಲೆಯ ಮೇಲೆ 'ಬೆಳಕು ಉತ್ತಮ' ಎಂದು ಬರೆದಳು. ಮಿಂಚುಹುಳು ಗಾಬರಿಯಿಂದ ಇನ್ನೂ ಜೋರಾಗಿ ಮಿನುಗಿತು. ಆಕೆ ಅದನ್ನು 'ಅತ್ಯುತ್ತಮ' ಎಂದು ತಿದ್ದಿ ಹೋದಳು. ಪೊಟರೆಯೆಲ್ಲ ಹಸಿರು ಬೆಳಕಿನಲ್ಲಿ ತೇಲಿತು. ಕಾದು ಕೂತಿದ್ದ ರೋಗಿಗಳು ನೋವು ಮರೆತು ತೂಕಡಿಸಿದರು.

ಬೇರೆ ದಾರಿ ಕಾಣದೆ ಮಿಂಚುಹುಳು ಬೆಳಕು ನಂದಿಸಿಕೊಂಡು ಮಲಗಿಬಿಟ್ಟಿತು.

"ಅಯ್ಯೋ, ಬೆಳಕು ಆರಿಹೋಯಿತು!" ಎಂದು ಜೀರುಂಡೆ ಕೂಗಿತು. ಕಡಜ ಡಾಕ್ಟರು ಸೂಜಿ ಸಿದ್ಧಮಾಡಿಕೊಂಡು ಓಡಿಬಂದರು. "ಏನಾಯಿತಪ್ಪ? ಎಲ್ಲಿ ನೋವು? ಹೇಳು."

ಅಂತೂ ಒಬ್ಬರು ಕೇಳಿದರಲ್ಲ ಎಂದು ಮಿಂಚುಹುಳುವಿಗೆ ಕಣ್ತುಂಬಿ ಬಂತು. ಉಳಿದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ, ಹೇಳುವುದಕ್ಕೆಂದು ಮಿನುಗಿತು.

"ಸದ್ಯ, ಬೆಳಕು ಬಂತು! ಇನ್ನೇನೂ ಭಯವಿಲ್ಲ" ಎಂದು ಡಾಕ್ಟರು ಸೂಜಿ ಒರೆಸಿಕೊಂಡು ಮುಂದಿನ ರೋಗಿಯನ್ನು ಕರೆದರು.