ಬೆಟ್ಟ ಸಭೆಯನ್ನು ಮುಂದೂಡಿದ್ದು

ಕುಂಬಾರಕೊಪ್ಪಲಿನಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಯ ಹೆಸರು ಚಿಕ್ಕತಾಯಿ, ಮಗನ ಹೆಸರು ಬೆಟ್ಟ. ಹೆಸರಿಗೆ ತಕ್ಕ ಮೈ. ಜೇಡಿಮಣ್ಣು ತುಳಿಯಲು ನಿಂತರೆ ನಾಲ್ಕಾಳಿನ ಕೆಲಸ ಒಬ್ಬನೇ ಮುಗಿಸುವನು. ಆದರೆ ತಲೆ? ಅದರ ಸುದ್ದಿ ಎತ್ತಬೇಡಿ! 'ಒಲೆ ನೋಡ್ಕೊಳ್ಲಾ' ಎಂದರೆ ಅನ್ನ ಸೀದು ಕರಕಾಗುವ ತನಕ ಒಲೆಯನ್ನೇ ನೋಡುತ್ತ ಕೂರುವನು. 'ಅಯ್ಯೋ ನನ್ನ ಕರ್ಮವೇ' ಎಂದು ಚಿಕ್ಕತಾಯಿ ಹಣೆ ಚಚ್ಚಿಕೊಂಡರೆ, 'ನಾನೂ ಚಚ್ಲಾ ಅವ್ವಾ?' ಎಂದು ಕೈ ಚಾಚುವನು.

ಈ ಕತೆ ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬೆಟ್ಟನ ಮೇಲಲ್ಲ. ಯಾರ ಮೇಲೆ ಅಂತ ನಿಮಗೇ ಗೊತ್ತಾಗುತ್ತದೆ, ಕೇಳಿ.

ಆ ಊರಿನಲ್ಲಿ ಕುಂಬಾರರ ಸಂಘ ಅಂತ ಒಂದಿತ್ತು. ಸಂಘಕ್ಕೆ ಸಭೆ ಸೇರಲು ಒಂದು ಮನೆ, ಕೆರೆಯ ಮಗ್ಗುಲಿಗೆ ಒಂದು ಜೇಡಿಗುಂಡಿ. ಊರಿನಲ್ಲಿ ಮಡಕೆ ಮಾಡುವ ತಿಗರಿಗಳೆಲ್ಲ ತಿರುಗುತ್ತಿದ್ದುದು ಆ ಗುಂಡಿಯ ಮಣ್ಣಿನಿಂದ. ಸಂಘದ ಮನೆಗೆ ಹಲಸಿನ ಮರದ ದಪ್ಪ ಬಾಗಿಲು. ಹಿಂದೆ ಯಾರೋ ಹಿರಿಯರು ಬಾಗಿಲ ಮೇಲೆ ಟಾರಿನಲ್ಲಿ ಬರೆಸಿದ್ದರು: 'ಸಭೆಗೆ ಮನೆಗೊಬ್ಬ ಗಂಡಸು. ಹೆಂಗಸರು ಒಳಗೆ ಬರಕೂಡದು.' ಅದು ಹಳೆಯ ನಿಯಮ. ಹೊಸ ನಿಯಮಗಳೆಲ್ಲ ಒಳಗಿನ ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ಅಧ್ಯಕ್ಷ ಮರಿಶೆಟ್ಟಿ ಬೇಕೆನಿಸಿದಾಗ ಬರೆಸುವನು, ಬೇಡವೆನಿಸಿದಾಗ ಹೆಗಲ ಟವೆಲಿನಲ್ಲಿ ಒರೆಸುವನು. ಸೀಮೆಸುಣ್ಣ ತಾನೆ!

ಮರಿಶೆಟ್ಟಿಯ ಭಾಮೈದ ಇಟ್ಟಿಗೆ ಗೂಡು ಹಾಕಲು ಹೊರಟ. ಇಟ್ಟಿಗೆಗೆ ಮಣ್ಣು ಬೇಕು. ಮಣ್ಣು ಎಲ್ಲಿದೆ? ಜೇಡಿಗುಂಡಿಯಲ್ಲಿ. ಗುಂಡಿಯನ್ನು ಭಾಮೈದನಿಗೆ ಬಿಟ್ಟುಕೊಡೋಣ ಎಂದು ಮರಿಶೆಟ್ಟಿ ಸಭೆ ಕರೆದ. ಇದು ಅನ್ಯಾಯ ಅಂತ ಗಂಡಸರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೇನು? ಮರಿಶೆಟ್ಟಿ ತರಿಸುವ ಬೋಂಡ ಬಾಯಲ್ಲಿತ್ತು!

ಚಿಕ್ಕತಾಯಿಯ ಗಂಡ ತೀರಿಕೊಂಡಿದ್ದ. ಮಡಕೆ ಮಾಡುವವಳು ಅವಳು, ಹೊತ್ತು ಮಾರುವವಳು ಅವಳು, ಗುಂಡಿ ಹೋದರೆ ಒಲೆ ಆರುವುದು ಅವಳದ್ದು. ಆದರೆ ಸಭೆಯ ಲೆಕ್ಕಕ್ಕೆ ಆ ಮನೆಯ ಗಂಡಸು ಯಾರು? ಬೆಟ್ಟ! ಎಂಥ ನಿಯಮ ನೋಡಿ.

ಚಿಕ್ಕತಾಯಿ ಮಗನನ್ನು ಕೂರಿಸಿಕೊಂಡು ಹೇಳಿದಳು: "ಲೋ ಬೆಟ್ಟ, ಸಭೆಗೆ ಹೋಗ್ಲಾ. ಮರಿಶೆಟ್ಟಿ ಕೇಳ್ತಾನೆ. ಕೇಳಿದ್ ತಕ್ಷಣ ಗಟ್ಟಿಯಾಗಿ 'ಬ್ಯಾಡ' ಅನ್ನು. ಹೆದರ್ಕೊಬ್ಯಾಡ."

"ಆಯ್ತು ಕಣವ್ವಾ."

ಬೆಟ್ಟ ಹೋದ. ಚಾಪೆಯ ಮೇಲೆ ಕೂತ. ಮರಿಶೆಟ್ಟಿ ಗಂಟಲು ಸರಿಮಾಡಿಕೊಂಡು, "ಎಲ್ರೂ ಚೆನ್ನಾಗಿದ್ದೀರಾ?" ಎಂದು ಕೇಳಿದ.

"ಬ್ಯಾಡ!" ಎಂದ ಬೆಟ್ಟ.

"ದೇವ್ರಿಗೊಂದು ಕೈ ಮುಗಿದು ಶುರು ಮಾಡಣ್ವಾ?"

"ಬ್ಯಾಡ!"

"ಬೋಂಡ ತರಸ್ಲಾ?"

"ಬ್ಯಾಡ!"

ಆಗ ರೇಗಿದರು ನೋಡಿ ಗಂಡಸರು! ಗುಂಡಿ ಹೋಗುತ್ತದೆ ಅಂದಾಗ ಬಾರದ ಸಿಟ್ಟು ಬೋಂಡ ಹೋಗುತ್ತದೆ ಅಂದಾಗ ಬಂತು. "ಏಯ್, ಆಚೆಗೆ ಹೋಗ್ತೀಯೋ ಇಲ್ವೋ?" ಎಂದು ಮರಿಶೆಟ್ಟಿ ಗದರಿದ. "ಬ್ಯಾಡ!" ಎಂದ ಬೆಟ್ಟ. ಗದ್ದಲವೆದ್ದು, ಗುಂಡಿಯ ಮಾತು ಬರುವ ಮೊದಲೇ ಸಭೆ ನಿಂತಿತು.

ಮರಿಶೆಟ್ಟಿ ಟವೆಲಿನಲ್ಲಿ ಹಲಗೆ ಒರೆಸಿದ. ಕಾರ್ಯದರ್ಶಿ ರಾಚಯ್ಯ ಅವನು ಹೇಳಿದಂತೆ ಬರೆದ: 'ಬಾಯಲ್ಲಿ ಹೇಳಕೂಡದು. ಕೈ ಎತ್ತಬೇಕು.' ಬರೆದು, ಎಂದಿನ ರಾಗದಲ್ಲಿ ಓದಿದ: "ಸಭೆಯನ್ನು ಮುಂದೂಡಲಾಗಿದೆ."

ಚಿಕ್ಕತಾಯಿಗೆ ಸುದ್ದಿ ಮುಟ್ಟಿತು. "ಬೋಂಡಕ್ಕೂ ಬ್ಯಾಡ ಅಂತಾರೇನ್ಲಾ ಮಂಕೇ! ದೇವ್ರಿಗೂ ಬ್ಯಾಡ ಅಂತಾರಾ! ಇನ್ಮ್ಯಾಕೆ ಬಾಯೇ ತೆಗೀಬ್ಯಾಡ. ಮರಿಶೆಟ್ಟಿ ಗುಂಡಿ ಮಾತು ತೆಗೆದ್ ಕೂಡ್ಲೇ ಅವನೆದುರಿಗೆ ಕೈ ಎತ್ತು. ಎತ್ತಿದ ಕೈ ಇಳಿಸ್ಬ್ಯಾಡ."

"ಆಯ್ತು ಕಣವ್ವಾ."

ಮುಂದಿನ ಸಭೆ ಸೇರಿತು. ಮರಿಶೆಟ್ಟಿ, "ಜೇಡಿಗುಂಡಿ ವಿಚಾರ ಏನಪ್ಪಾ ಅಂದ್ರೆ..." ಎಂದ. ಅಷ್ಟೇ! ಬೆಟ್ಟ ದಡದಡ ನಡೆದು ಹೋಗಿ ಅವನೆದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ನಿಂತು, ಒನಕೆಯಂಥ ಕೈಯನ್ನು ಅವನ ತಲೆಯ ಮೇಲೆ ಎತ್ತಿದ.

"ಅಯ್ಯಯ್ಯೋ! ಹೊಡೀತಾನೆ! ಹಿಡ್ಕೊಳ್ರಪ್ಪೋ!" ಮರಿಶೆಟ್ಟಿ ಪಕ್ಕದ ಮೇಜಿನ ಕೆಳಗೆ ನುಗ್ಗಿದ.

"ಯಾಕ್ಲಾ ಬೆಟ್ಟ? ಏನ್ಲಾ ಇದು?" ಎಂದು ಎಲ್ಲರೂ ಕೇಳಿದರು. ಬೆಟ್ಟ ಹೇಳುವುದೆಲ್ಲಿಂದ? ಅವ್ವ ಬಾಯಿ ತೆಗೆಯಬೇಡ ಎಂದಿದ್ದಾಳಲ್ಲ! ತುಟಿ ಬಿಗಿಹಿಡಿದು, ಕೈ ಎತ್ತಿಕೊಂಡೇ ನಿಂತಿದ್ದ. ಮರಿಶೆಟ್ಟಿ ಮೇಜಿನ ಕೆಳಗಿನಿಂದಲೇ ಹೊಸ ನಿಯಮ ಹೇಳಿದ. ರಾಚಯ್ಯ ಹಳೆಯದನ್ನು ಒರೆಸಿ ಬರೆದ: 'ಕೂತ ಜಾಗ ಬಿಟ್ಟು ಏಳಕೂಡದು. ಹೇಳುವುದನ್ನು ಪೀಠಕ್ಕೆ ಹೇಳಬೇಕು.' ಹೋದ ಸಭೆಯಲ್ಲಿ ಬಾಯಿ ಬೇಡ ಎಂದವನು ಈ ಸಭೆಯಲ್ಲಿ ಕೈ ಬೇಡ ಎಂದ. ತನಗೆ ಯಾವುದು ಚುಚ್ಚಿತೋ ಅದು ಬೇಡ! ಯಾಕೆ ಅಂತ ಕೇಳಿದ ಗಂಡಸು ಒಬ್ಬನಿದ್ದನೆ? ಇರಲಿಲ್ಲ. ಬೋಂಡದ ಎಣ್ಣೆಯನ್ನು ಮೀಸೆಗೆ ಒರೆಸಿಕೊಂಡು ಮನೆಗೆ ಹೋದರು. "ಸಭೆಯನ್ನು ಮುಂದೂಡಲಾಗಿದೆ" ಎಂದು ರಾಚಯ್ಯ ಖಾಲಿ ಚಾಪೆಗಳಿಗೆ ಓದಿದ.

ಬೆಟ್ಟ ಕೈ ಎತ್ತಿಕೊಂಡೇ ಮನೆಗೆ ಬಂದ. "ಇಳಿಸ್ಲಾ ಅದ್ನ!" ಎಂದು ಚಿಕ್ಕತಾಯಿ ಕೂಗಿದಳು. "ಕೈ ಎತ್ತು ಅಂದ್ರೆ ಹೊಡೆಯೋ ಹಂಗೆ ಎತ್ತದಾ? ಆ ಮನುಷ್ಯನ ತಂಟೆಗೇ ಹೋಗ್ಬ್ಯಾಡ ಇನ್ನ. ಪೀಠಕ್ಕೆ ಹೇಳ್ಬೇಕಂತೆ, ಪೀಠಕ್ಕೇ ಹೇಳು. ಕೂತ ಜಾಗ ಮಾತ್ರ ಬಿಡ್ಬ್ಯಾಡ."

"ಪೀಠ ಅಂದ್ರೆ ಯಾವ್ದವ್ವಾ?"

"ಅವನು ಕೂರೋ ಕುರ್ಚಿ ಕಣ್ಲಾ."

"ಆಯ್ತು ಕಣವ್ವಾ."

ಮುಂದಿನ ಸಭೆ. ಬೆಟ್ಟ ಹಿಂದಿನ ಸಾಲಿನ ಚಾಪೆಯಲ್ಲಿ ಕೂತಿದ್ದ. ಕುರ್ಚಿ ಮುಂದಿತ್ತು. ಕೂತ ಜಾಗ ಬಿಡುವಂತಿಲ್ಲ. ಬೆಟ್ಟ ಏನು ಮಾಡಿದ? ಚಾಪೆಯ ಅಂಚು ಹಿಡಿದು, ಕೂತಲ್ಲಿಂದಲೇ ಕಾಲು ಒದ್ದು ಒದ್ದು, ಚಾಪೆಯ ಸಮೇತ ಮುಂದಕ್ಕೆ ಜಾರತೊಡಗಿದ. ಅದೇ ಚಾಪೆಯಲ್ಲಿ ಇಬ್ಬರು ಮುದುಕರು ಇದ್ದರು, ಅವರೂ ಜಾರಿದರು. "ಎಲ್ಲಿಗ್ಲಾ ಸವಾರಿ?" ಎಂದ ಒಬ್ಬ ಮುದುಕ. "ಕುರ್ಚಿತಾವ್ಕೆ ಕಣಜ್ಜ, ಗಟ್ಟಿಯಾಗಿ ಹಿಡ್ಕೊ!"

ಕುರ್ಚಿಯ ಮುಂದೆ ಬಂದು ನಿಂತಿತು ಚಾಪೆ. "ಶೆಟ್ರೇ, ಒಸಿ ಏಳಿ. ನಾನು ಕುರ್ಚಿತಾವ ಮಾತಾಡ್ಬೇಕು."

ಮರಿಶೆಟ್ಟಿ ಬೆಪ್ಪಾಗಿ ಎದ್ದೇಬಿಟ್ಟ. ಬೆಟ್ಟ ಕುರ್ಚಿಗೆ ಕೈ ಮುಗಿದ. "ಕುರ್ಚಪ್ಪಾ, ನಮ್ಮವ್ವ ಹೇಳವ್ಳೆ. ಜೇಡಿಗುಂಡಿ ಕೊಡಬ್ಯಾಡ. ಗುಂಡಿ ಹೋದ್ರೆ ತಿಗರಿ ನಿಂತೋಯ್ತದೆ. ತಿಗರಿ ನಿಂತೋದ್ರೆ ನಮ್ಮವ್ವ ಅಳ್ತಾಳೆ. ಕೊಡಬ್ಯಾಡ ಕಣಪ್ಪಾ, ಆಯ್ತಾ?"

ಆ ಮನೆಯೊಳಗೆ ಅಷ್ಟು ದಿನದಲ್ಲಿ ಹುಟ್ಟಿದ ನೆಟ್ಟಗಿನ ಮಾತು ಅದೊಂದೇ. ಅದನ್ನೂ ಒಂದು ಕುರ್ಚಿಗೆ ಹೇಳಬೇಕಾಯಿತಲ್ಲ! ಚಾಪೆಯ ಮೇಲಿನ ಮುದುಕರು ನಗಲಿಲ್ಲ, ತಲೆ ತಗ್ಗಿಸಿದರು. ಬೆಟ್ಟ ಸ್ವಲ್ಪ ಹೊತ್ತು ಕಾದು ನೋಡಿ, "ಸುಮ್ನವ್ನೆ! ಕುರ್ಚಪ್ಪ ಒಪ್ಕೊಂಡ!" ಎಂದು ಕೇಕೆ ಹಾಕಿದ.

ಆ ಮಾತು ಕೇಳಿ ಮರಿಶೆಟ್ಟಿಯ ಕಣ್ಣು ಮಿನುಗಿತು. ಪೆದ್ದ ಆಡಿದ ಮಾತನ್ನೇ ಎತ್ತಿಕೊಂಡು ನಿಯಮ ಮಾಡಿದ ಪುಣ್ಯಾತ್ಮ! "ಬರಿಯಯ್ಯ ರಾಚಯ್ಯ. 'ಸುಮ್ಮನಿದ್ದವರು ಒಪ್ಪಿದಂತೆ. ಬೇಡ ಅಂದವರು ಹೊರಗೆ.' ಏಳಕೂಡದು ಅನ್ನೋದು ಹಂಗೇ ಇರ್ಲಿ, ಅದು ಒಳ್ಳೇದು. ಮುಂದಿನ ಸಭೆಯಿಂದ ಹಿಂಗೇ, ಗುಂಡಿ ಮಾತೂ ಅವತ್ತೇ." ಸುಮ್ಮನಿದ್ದರೂ ಅವನದೇ ಗೆಲುವು, ಮಾತಾಡಿದರೂ ಅವನದೇ ಗೆಲುವು. ಇದಕ್ಕೆ ಸಭೆ ಅಂತ ಹೆಸರು ಬೇರೆ!

ಈ ಸಲ ಚಿಕ್ಕತಾಯಿ ಮಗನನ್ನು ಬೈಯಲಿಲ್ಲ. ಮಣ್ಣುಗೈಯಲ್ಲೇ ಎದ್ದು ನೇರ ಮರಿಶೆಟ್ಟಿಯ ಜಗಲಿಗೆ ಹೋದಳು.

"ಸಭೆಗೊಂದ್ಸಲ ನಿಯಮ ತಿದ್ತೀರಲ್ಲ ಶೆಟ್ರೇ. ಬಾಯಿ ಅಂದ್ರಿ, ಕೈ ಅಂದ್ರಿ, ಪೀಠ ಅಂದ್ರಿ. ಹೆಂಗಸ್ರು ಒಳಕ್ಕೆ ಬರಕೂಡದು ಅಂತ ಬಾಗ್ಲ ಮ್ಯಾಲದಲ್ಲ, ಅದೊಂದ್ನ ತಿದ್ದಿ. ನನ್ ಮಾತು ನಾನೇ ಆಡ್ಕೋತೀನಿ."

"ಅದು ಹಿರೀಕ್ರು ಮಾಡಿದ್ದು ಕಣಮ್ಮ. ಹಿರೀಕ್ರದ್ದ ಮುಟ್ಬಾರ್ದು."

"ಜೇಡಿಗುಂಡಿನೂ ಹಿರೀಕ್ರೇ ತೋಡಿದ್ದು! ಅದ್ನ ಮಾತ್ರ ಮುಟ್ಬೋದಾ?"

ಮರಿಶೆಟ್ಟಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಚಿಕ್ಕತಾಯಿ ಮನೆಗೆ ಬಂದು ತಿಗರಿಯ ಪಕ್ಕ ಕೂತು ಅತ್ತಳು. ಅತ್ತು ಕಣ್ಣೊರೆಸಿಕೊಂಡು ಮಗನನ್ನು ಕರೆದಳು. "ನೋಡು ಮಗ, ಮಳೆ ಹತ್ರ ಬಂದದೆ. ಗುಂಡಿಗೆ ನೀರು ತುಂಬ್ಕೊಂಡ್ರೆ ಈ ವರ್ಷ ಯಾರೂ ಗುದ್ದಲಿ ಇಡಕಾಗಕ್ಕಿಲ್ಲ. ನೀನು ಏನೂ ಹೇಳ್ಬ್ಯಾಡ, ಏನೂ ಎತ್ಬ್ಯಾಡ. ಹೆಂಗಾರ ಮಾಡಿ ಸಭೆಯ ಮುಂದೂಡ್ಬುಡು. ಅಷ್ಟು ಸಾಕು."

"ಮುಂದಕ್ಕಾ ಅವ್ವಾ?"

"ಮುಂದಕ್ಕೇ ಕಣಪ್ಪ. ಎಷ್ಟಾಯ್ತದೋ ಅಷ್ಟು ಮುಂದಕ್ಕೆ!"

"ಆಯ್ತು ಕಣವ್ವಾ."

ಸಭೆಯ ದಿನ ಚಿಕ್ಕತಾಯಿ ಸುಮ್ಮನೆ ಮನೆಯಲ್ಲಿ ಕೂರಲಾರದೆ ಸಂಘದ ಮನೆಯ ಅಂಗಳಕ್ಕೆ ಬಂದು ನಿಂತಳು. ಅವಳನ್ನು ನೋಡಿ ಪಕ್ಕದ ಮನೆಯವಳು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಮಡಕೆ ತಟ್ಟುವ ಹೆಂಗಸರೆಲ್ಲ ಬಂದು ಅಂಗಳ ತುಂಬಿದರು. ಹೊಸಿಲು ಮಾತ್ರ ಯಾರೂ ದಾಟಲಿಲ್ಲ.

ಒಳಗೆ ಬೆಟ್ಟ ಕೂರಲೇ ಇಲ್ಲ. ಕೂತರಲ್ಲವೇ ಏಳಕೂಡದು ಅನ್ನುವ ಮಾತು! ಗೋಡೆಗೊರಗಿ ನಿಂತಿದ್ದ. ರಾಚಯ್ಯ ಓದತೊಡಗಿದ: "ಜೇಡಿಗುಂಡಿಯನ್ನು ಅಧ್ಯಕ್ಷರ ಭಾಮೈದನಿಗೆ..."

ಬೆಟ್ಟ ಮರಿಶೆಟ್ಟಿಯ ಕುರ್ಚಿಯ ಹಿಂದಕ್ಕೆ ಹೋಗಿ ಎರಡೂ ಕೈ ಇಟ್ಟು ತಳ್ಳಿದ. ಕುರ್ಚಿಯ ಮುಂದೆ, ಚಾಪೆಗಳ ನಡುವಿನ ದಾರಿಯ ಕೊನೆಗೆ, ಏನಿತ್ತು? ಬಾಗಿಲು! ಗಾರೆ ನೆಲದ ಮೇಲೆ ಕುರ್ಚಿ ಕರ್ರೆಂದು ಹೊರಟಿತು, ಮೇಲೆ ಮರಿಶೆಟ್ಟಿ.

"ಏನ್ಲಾ ಮಾಡ್ತಿದ್ದೀಯ!"

"ಮುಂದೂಡ್ತಾವ್ನಿ ಶೆಟ್ರೇ!"

"ಹಿಡೀರೋ! ಎದ್ದು ಹಿಡೀರೋ!"

"ಏಳಕೂಡದು ಅಂತ ಹಲಗೆ ಮ್ಯಾಲದಲ್ಲ ಶೆಟ್ರೇ," ಎಂದ ಚಾಪೆಯ ಮುದುಕ. ಯಾರೂ ಏಳಲಿಲ್ಲ. ಬೆಟ್ಟ ಕುರ್ಚಿಯನ್ನು ಹೊಸಿಲು ದಾಟಿಸಿ ಅಂಗಳಕ್ಕೆ ಇಳಿಸಿದ. ತಿರುಗಿ ಬಂದು ಮೇಜು ತಳ್ಳಿದ. ಹಲಗೆಯನ್ನೂ, ಅದನ್ನು ತಬ್ಬಿಕೊಂಡಿದ್ದ ರಾಚಯ್ಯನನ್ನೂ ತಳ್ಳಿದ. ಆಮೇಲೆ ಒಂದೊಂದೇ ಚಾಪೆ, ಗಂಡಸರ ಸಮೇತ, ಬೋಂಡದ ತಟ್ಟೆಯ ಸಮೇತ. ಬೆವರು ಒರೆಸಿಕೊಂಡು ಕೂಗಿದ: "ಅವ್ವಾ! ಅಷ್ಟೂ ಮುಂದೂಡಿದ್ದೀನಿ! ಇನ್ನೂ ಮುಂದಕ್ಕಾ?"

ಮರಿಶೆಟ್ಟಿ ಸುತ್ತ ನೋಡಿದ. ಸುತ್ತಲೂ ಹೆಂಗಸರು. "ಹೆಂಗಸ್ರೆಲ್ಲಾ ಆಚೆಗೆ ಹೋಗಿ! ಸಭೆ ನಡೀತಾ ಅದೆ!"

"ಆಚೆಗೇ ಇದ್ದೀವಿ ಕಣಪ್ಪಾ," ಎಂದಳು ಚಿಕ್ಕತಾಯಿ. "ನಾವು ಒಳಕ್ಕೆ ಕಾಲಿಟ್ಟಿಲ್ಲ. ನಿನ್ನ ಸಭೆನೇ ನಮ್ತಾವ ಬಂದದೆ. ಸುಮ್ನಿದ್ರೆ ಒಪ್ಪಿದಂಗೆ ತಾನೆ? ಬ್ಯಾಡ ಅಂದ್ರೆ ಹೊರಗೆ ತಾನೆ? ಹೊರಗೇ ನಿಂತು ಹೇಳ್ತೀನಿ. ಬ್ಯಾಡ!"

"ಬ್ಯಾಡ!" ಎಂದರು ಹೆಂಗಸರೆಲ್ಲ.

ಗಂಡಸರು ಮುಖ ಮುಖ ನೋಡಿಕೊಂಡರು. ಹೊರಗೆ ಹಾಕುತ್ತಾರೆ ಅನ್ನುವ ಹೆದರಿಕೆ ಇನ್ನೆಲ್ಲಿಯದು, ಎಲ್ಲರೂ ಹೊರಗೇ ಇದ್ದರಲ್ಲ! ಚಾಪೆಯ ಮುದುಕ ಮೊದಲು ಬಾಯಿ ಬಿಟ್ಟ: "ನಂದೂ ಬ್ಯಾಡ." ಆಮೇಲೆ ಒಬ್ಬರ ಹಿಂದೆ ಒಬ್ಬರು.

ರಾಚಯ್ಯ ಕುರ್ಚಿ ನೋಡಿದ, ಹಲಗೆ ನೋಡಿದ. "ಪೀಠ ಇಲ್ಲೇ ಅದೆ ಶೆಟ್ರೇ. ಪೀಠ ಇದ್ಕಡೆ ಸಭೆ," ಎಂದು ಬರೆದೇಬಿಟ್ಟ: 'ಜೇಡಿಗುಂಡಿ ಯಾರಿಗೂ ಕೊಡುವುದಿಲ್ಲ.' ಮರಿಶೆಟ್ಟಿ ಹೆಗಲ ಟವೆಲಿಗೆ ಕೈ ಹಾಕಿದ. ಟವೆಲು ಅಷ್ಟರಲ್ಲೇ ಚಿಕ್ಕತಾಯಿಯ ಕೈಯಲ್ಲಿತ್ತು. "ಒರೆಸಿದ್ದು ಸಾಕು," ಎಂದಳು.

ಬಾಗಿಲ ಮೇಲಿನ ಟಾರಿನ ನಿಯಮದ ಮಾತೂ ಅಲ್ಲೇ ಬಂತು, ಅಲ್ಲೇ ಮುಗಿಯಿತು. ಅದು ಬೇಡ ಎಂದು ಎಲ್ಲರೂ ಕೂಗಿದರು. ಚಿಕ್ಕತಾಯಿಗೆ ಸಂತೋಷದಲ್ಲಿ ಮಗನ ತಲೆ ಎಂಥದ್ದು ಅನ್ನುವುದೇ ಮರೆತುಹೋಯಿತು. "ಹೋಗ್ಲಾ ಬೆಟ್ಟ, ಆ ನಿಯಮವ ಕಿತ್ತಾಕ್ಬುಟ್ಟು ಬಾ!" ಎಂದಳು.

"ಆಯ್ತು ಕಣವ್ವಾ!"

ಹೊಸಿಲ ಕಡೆಯಿಂದ ಲಟಲಟ ಸದ್ದು. ಬೆಟ್ಟ ಹಲಸಿನ ಬಾಗಿಲನ್ನೇ ಕೀಲು ಸಮೇತ ಕಿತ್ತು, ಬೆನ್ನ ಮೇಲೆ ಹೊತ್ತು ಬಂದು ಅವ್ವನ ಮುಂದೆ ಇಳಿಸಿದ.

"ಅಯ್ಯೋ ಮಂಕೇ! ನಿಯಮ ಕೀಳು ಅಂದ್ರೆ ಬಾಗ್ಲೇ ಕಿತ್ಕೊಂಡ್ ಬಂದ್ಯಲ್ಲೋ!"

"ಒಂದಕ್ಷರನೂ ಬಿಟ್ಟಿಲ್ಲ ಕಣವ್ವಾ. ಪೂರ್ತಿ ತಂದಿದ್ದೀನಿ!"

ಆ ಬಾಗಿಲು ಈಗ ಚಿಕ್ಕತಾಯಿಯ ಅಂಗಳದಲ್ಲಿ ಮಲಗಿದೆ. ಅದರ ಮೇಲೆ ಹಸಿ ಕುಡಿಕೆಗಳು ಒಣಗುತ್ತವೆ. ಸಂಘದ ಮನೆಗೆ ಇಂದಿಗೂ ಬಾಗಿಲಿಲ್ಲ. ಹೊಸ ಬಾಗಿಲು ಇಡಿಸೋಣ ಎಂದು ಮರಿಶೆಟ್ಟಿ ಸಭೆ ಸಭೆಯಲ್ಲೂ ಎದ್ದು ಕೇಳುತ್ತಾನೆ. ಒಳಗೆ ಮುಂದಿನ ಸಾಲಿನಲ್ಲೇ ಕೂತ ಹೆಂಗಸರು ಆ ಮಾತನ್ನು ಮುಂದಿನ ಸಭೆಗೆ ಹಾಕುತ್ತಾರೆ. ಆದರೆ 'ಮುಂದೂಡಲಾಗಿದೆ' ಎಂದು ಓದುವ ಮೊದಲು ರಾಚಯ್ಯ ಒಮ್ಮೆ ಚಿಕ್ಕತಾಯಿಯ ಕಡೆ ನೋಡುತ್ತಾನೆ. ಅವಳು ಬೆಟ್ಟನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಹೂಂ, ಈಗ ಓದಪ್ಪ," ಎನ್ನುತ್ತಾಳೆ.