ಕಾರಿನ ಎಡಬಾಗಿಲು

"ಬುದ್ಧಿ, ನಮ್ಮಣ್ಣನ ಜೊತೆ ಇದ್ದ ಜಗಳ ನಿಮ್ಮೆದುರಿಗೇ ಮುಗೀತು. ಈಗ ನನ್ನ ಮನಸ್ಸಲ್ಲಿ ಏನೂ ಇಲ್ಲ. ಆದರೂ ಅವನು ನಮ್ಮನೆ ಕಡೆ ತಲೆ ಹಾಕಲ್ಲ. ಯಾಕೆ ಬುದ್ಧಿ?"

ಕೇಳಿದವನು ಗುರುಮಲ್ಲಪ್ಪ, ಮಠದ ಹಳೆಯ ಶಿಷ್ಯ. ಈಚೆಗೆ ಅವನು ಮಠಕ್ಕೆ ಕೆರೆಯ ಏರಿ ಸುತ್ತಿಕೊಂಡು ಬರುವುದು ವಾಡಿಕೆ. ಅಂದೂ ಪಾದಕ್ಕೆಲ್ಲ ಕೆಮ್ಮಣ್ಣು ಮೆತ್ತಿತ್ತು. ಅಣ್ಣನ ಮೇಲೆ ಅವನಿಗೆ ನಿಜಕ್ಕೂ ಕೋಪವಿರಲಿಲ್ಲ. ಹಬ್ಬದ ದಿನ ಎಲೆಯ ಮುಂದೆ ಕುಳಿತಾಗ ಪಕ್ಕದ ಜಾಗ ಖಾಲಿ ಕಂಡರೆ ಊಟ ರುಚಿಸುತ್ತಿರಲಿಲ್ಲ, ಅಷ್ಟೆ. ಸ್ವಾಮಿಗಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಕತೆ ಶುರು ಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ. ಅವನಿಗೊಂದು ಹಳೆಯ ಕಾರು. ಅದಕ್ಕೆ ಇದ್ದದ್ದು ಎರಡೇ ಬಾಗಿಲು, ಆಚೆಗೊಂದು, ಈಚೆಗೊಂದು. ಹೆಂಡತಿ ಮಕ್ಕಳು ಹಿಂದೆ. ಮುಂದಿನ ಎಡಗಡೆಯ ಸೀಟು ಅವನ ತಾಯಿಯದು. ಮುದುಕಿಗೆ ಮೊಣಕಾಲು ನೋವು. ಬಾಗಿಲು ತೆರೆದರೆ ಹೇಗೋ ಕೂತುಬಿಡುತ್ತಿದ್ದಳು, ಬಗ್ಗಿ ನುಸುಳಿ ಹತ್ತುವುದು ಅವಳಿಂದಾಗದ ಕೆಲಸ. ಭಾನುವಾರ ಬಂದರೆ ಪಕ್ಕದ ಊರಿನ ತಂಗಿಯ ಮನೆಗೆ ಹೋಗಿ ಹರಟೆ ಹೊಡೆದು ಬರಬೇಕು. ಅದೊಂದಿದ್ದರೆ ಅವಳಿಗೆ ಬೇರೆ ಏನೂ ಬೇಡ.

ಒಂದು ದಿನ ಪೇಟೆಯಲ್ಲಿ ರಿವರ್ಸ್ ತೆಗೆಯುತ್ತಿದ್ದ ಲಾರಿಯೊಂದು ಆ ಎಡಬಾಗಿಲಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾಗಿಲು ಮಾತ್ರ ಅಪ್ಪಚ್ಚಿಯಾಯಿತು. ನಾವು ನೋಡುವ ತನಕ ರಿಪೇರಿ ಮಾಡಿಸಬೇಡಿ ಎಂದರು ವಿಮೆ ಕಂಪನಿಯವರು. ವ್ಯಾಪಾರಿ ಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಿದ.

ಕಂಪನಿಯ ಸರ್ವೇಯರ್ ಬಂದ, ಫೋಟೊ ತೆಗೆದ, ಹೋದ. ಕ್ಲೇಮು ವಾಪಸ್ಸು ಬಂತು. ಫೋಟೊದಲ್ಲಿ ನಂಬರ್ ಪ್ಲೇಟು ಕಾಣುವುದಿಲ್ಲವಂತೆ. ಮತ್ತೆ ಹಾಕಿದ. ಇನ್ನೊಬ್ಬ ಸರ್ವೇಯರ್ ಬಂದ. ವರದಿ ಕೊಡುವಷ್ಟರಲ್ಲಿ ಅವನಿಗೆ ವರ್ಗವಾಯಿತು. ಮತ್ತೊಬ್ಬ ಬಂದು, ಇದು ಹಳೆಯ ಪೆಟ್ಟೋ ಹೊಸ ಪೆಟ್ಟೋ ಎಂದು ಕೇಳಿದ. ಇವರು ಬರುವ ಹೊತ್ತಿಗೆ ಯಾವ ಪೆಟ್ಟು ತಾನೇ ಹೊಸದಾಗಿ ಉಳಿದೀತು? ಆದರೆ ವ್ಯಾಪಾರಿ ಬಿಡುವ ಆಸಾಮಿಯಲ್ಲ. ವಾಪಸ್ಸು ಬಂದ ಕ್ಲೇಮನ್ನು ಹಟ ಹಿಡಿದು ಮತ್ತೆ ಮತ್ತೆ ಹಾಕಿದ. ಅಂಗಡಿಗೆ ಚೊಂಬು ಕೇಳಿಕೊಂಡು ಬಂದವರೂ ಮೊದಲು ಲಾರಿಯ ಕತೆ ಕೇಳಬೇಕಿತ್ತು.

ಈ ನಡುವೆ ಹೆಂಡತಿ ಮಕ್ಕಳು ಬಲಬಾಗಿಲಿನಿಂದಲೇ ನುಸುಳಿ ಹಿಂದೆ ಹೋಗಿ ಕೂರುವುದನ್ನು ಕಲಿತರು. ಬಾಗಿಲು ಸರಿಯಾದ ಮೇಲೆ ಬರುತ್ತೇನೆ ಎಂದು ತಾಯಿ ಜಗಲಿಯ ಮೇಲೆ ಉಳಿದಳು. ಮೊದಮೊದಲು ಮಗ ಪ್ರತಿ ಭಾನುವಾರವೂ ಕರೆದ. ಆಮೇಲೆ ಕರೆಯುವುದನ್ನು ಬಿಟ್ಟ.

ಕೊನೆಗೂ ಕಂಪನಿಯವರಿಗೇ ಸಾಕಾಯಿತು. ಕ್ಲೇಮು ಮಂಜೂರಾಯಿತು. ಗ್ಯಾರೇಜಿನವನು ಹೊಸ ಬಾಗಿಲು ಕೂರಿಸಿ, ಬಣ್ಣ ಹೊಡೆದು ಕೊಟ್ಟ. ವ್ಯಾಪಾರಿ ಗೆದ್ದ ಖುಷಿಗೆ ಬೀದಿಗೆಲ್ಲ ಪೇಡ ಹಂಚಿದ. ಆ ಭಾನುವಾರ ಹೆಂಡತಿ ಮಕ್ಕಳು ಎಂದಿನಂತೆ ಬಲಗಡೆಯಿಂದ ನುಸುಳಿದರು. ಅವನೂ ಎಂದಿನಂತೆ ತಾಯಿಗೆ ಹೇಳಿ ಹೊರಟ. ಇವರು ಹತ್ತುವುದನ್ನು ನೋಡಿ ಮುದುಕಿ, ಬಣ್ಣವಷ್ಟೇ ಹೊಡೆಸಿದ್ದಾರೆ, ಬಾಗಿಲು ತೆರೆಯುವುದಿಲ್ಲ ಎಂದುಕೊಂಡಳು. ಮುಂದಿನ ಸೀಟು ಖಾಲಿಯೇ ಹೋಯಿತು, ಖಾಲಿಯೇ ಬಂತು. ತಿಂಗಳುಗಳು ಕಳೆದವು. ಅಮ್ಮನಿಗೆ ಈಗ ತಂಗಿಯೂ ಬೇಡವಾಗಿದ್ದಾಳೆ ಎಂದು ಮಗ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡ.

ಒಂದು ಭಾನುವಾರ ಸೊಸೆ ಒಬ್ಬಟ್ಟಿನ ಡಬ್ಬಿಯನ್ನು ಮರೆತು ಕಾರು ಹತ್ತಿದಳು. ಮುದುಕಿ ಅದನ್ನು ಹಿಡಿದು ಕುಂಟುತ್ತಾ ಬಂದಳು. ಅವಳಿಗೆ ಹತ್ತಿರವಾದದ್ದು ಎಡಬಾಗಿಲು. ಆಸರೆಗೆಂದು ಅದರ ಹಿಡಿಯ ಮೇಲೆ ಕೈ ಹಾಕಿದಳು. ಬಾಗಿಲು ತೆರೆದುಕೊಂಡಿತು.

"ಇದು ಯಾವಾಗಿಂದ ತೆಗೀತಿದೆ ಮಗಾ?" ಎಂದಳು.

ವ್ಯಾಪಾರಿ ಅವಳನ್ನು ಹಿಡಿದು ಕೂರಿಸಲು ಇಳಿದು ಓಡಿಬಂದ. ಮುದುಕಿ ಅಷ್ಟರಲ್ಲಿ ಕೂತಾಗಿತ್ತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಹೊತ್ತಾಯಿತು, ಹೊರಡು ಎಂದಳು. ಸಂಜೆ ಮರಳುವಾಗ ದಾರಿಯುದ್ದಕ್ಕೂ ತಂಗಿಯ ಮನೆಯ ಸುದ್ದಿಯೇ ಸುದ್ದಿ. ಇನ್ನೊಬ್ಬರು ಬಾಯಿ ತೆರೆಯಲು ಅವಳು ಬಿಡಲಿಲ್ಲ. ಮಗನೂ ಸಂತೋಷದಿಂದ ಕೇಳಿಸಿಕೊಂಡ.

ಗುರುಮಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ ಅವನು, ಬುದ್ಧಿ! ಹೊಸ ಬಾಗಿಲು ಬಂದ ದಿನವೇ ತೆಗೆದು ತೋರಿಸಬಾರದಿತ್ತಾ?" ಎಂದ.

ಸ್ವಾಮಿಗಳೂ ನಕ್ಕರು.

"ನಿಮ್ಮಣ್ಣನ ಮನೆ ಈ ಮಠದ ಬೀದಿಯಲ್ಲೇ ಇದೆಯಲ್ಲಪ್ಪ, ನೀನು ಇವತ್ತು ಯಾವ ದಾರಿಯಲ್ಲಿ ಬಂದೆ?"

ಗುರುಮಲ್ಲಪ್ಪ ತನ್ನ ಪಾದದ ಕೆಮ್ಮಣ್ಣು ನೋಡಿಕೊಂಡ.