ತಕರಾರು ಎತ್ತಿದ ಮೇದರ ಹಂಪಯ್ಯ

"ಕೇಳಿರಪ್ಪೋ ಕೇಳಿ! ಹಿರೇಸಾಗರದ ದೊರೆ ಭುಜಬಲರಾಯರ ಅಪ್ಪಣೆ! ಯಾವ ಶಾಲೆಯವರಾದರೂ ಸರಿ, ನಾಲ್ಕು ಜನ ಗುಂಪು ಕಟ್ಟಿಕೊಂಡು ಹುಣ್ಣಿಮೆಯ ದಿನ ಅರಮನೆಗೆ ಬರಲಿ. ದೊರೆಗಳದು ಮೂರು ಒಗಟು. ಗುಂಪಿಗೊಂದು ಗಂಟೆ. ಮೊದಲು ಗಂಟೆ ಹೊಡೆದವರಿಗೆ ಮೊದಲ ಅವಕಾಶ. ಹೊಡೆದ ಮೇಲೆ ಪಿಸುಮಾತು ಕೂಡದು, ನಾಯಕನೇ ಉತ್ತರ ಹೇಳಬೇಕು. ಮೂರನ್ನೂ ಬಿಡಿಸಿದ ಗುಂಪಿಗೆ ಒಂದು ಊರು ಉಂಬಳಿ. ತಪ್ಪು ಹೇಳಿದ ನಾಯಕನಿಗೆ ಸಂಜೆ ತಲೆದಂಡ! ತೀರ್ಪಿಗೆ ಯಾರದೇ ತಕರಾರಿದ್ದರೂ ಮುಂದಿನ ಗಂಟೆ ಹೊಡೆಯುವ ಮುಂಚೆ ಎತ್ತಬೇಕು. ತಕರಾರು ಸುಳ್ಳಾದರೆ ಎತ್ತಿದವನ ತಲೆಯೂ ಹೋಗುತ್ತದೆ!"

ಡಂಗುರ ಕೇಳಿ ಜನ ಏನಂದಾರು? ದೊರೆಗೆ ಒಗಟಿನ ಹುಚ್ಚು, ಊರಿಗೆ ಊಟದ ಚಿಂತೆ. ಆದರೂ ಉಂಬಳಿಯ ಆಸೆಗೆ ನಾಲ್ಕು ಗುಂಪು ಬಂದವು. ದಳವಾಯಿಯ ಮಗ ವೀರನಾಯಕನದು ಒಂದು, ಮಠದ ಶಾಲೆಯದು ಒಂದು, ಸೆಟ್ಟರ ಶಾಲೆಯ ಮಾಣಿಕಸೆಟ್ಟಿಯದು ಒಂದು. ಕೊನೆಯದು ಕೆರೆ ಏರಿಯ ಮೇಲಿನ ಐಗಳ ಶಾಲೆಯದು.

ಐಗಳ ಶಾಲೆಯ ನಾಯಕ ಮೇದರ ಹಂಪಯ್ಯ. ಬಿದಿರು ಸೀಳಿ ಬುಟ್ಟಿ ಹೆಣೆಯುವ ಮನೆಯವನು. ಮಿಕ್ಕ ಮೂವರು "ನೀನೇ ನಾಯಕನಾಗು ಮಾರಾಯ, ನಿನಗೆ ಗಾಂಭೀರ್ಯ ಇದೆ" ಎಂದು ಅವನನ್ನು ಮುಂದೆ ತಳ್ಳಿದ್ದರು. ಗಾಂಭೀರ್ಯವೂ ಇಲ್ಲ, ಮಣ್ಣೂ ಇಲ್ಲ. ಕತ್ತಿ ಬೀಳುವುದು ಯಾರ ಕುತ್ತಿಗೆಗೆ ಎಂದು ಆ ಜಾಣರಿಗೆ ಗೊತ್ತಿತ್ತು. ಹೊರಡುವಾಗ ಅವ್ವ ಅವನ ಕೈ ಹಿಡಿದು, "ತಿಳಿಯದಿದ್ದರೆ ಸುಮ್ಮನಿರು ಮಗನೇ. ಇರೋನು ನೀನೊಬ್ಬ" ಎಂದು ಅತ್ತಿದ್ದಳು.

ಸಭೆಯಲ್ಲಿ ಅವನನ್ನು ಕಂಡು ಮಾಣಿಕಸೆಟ್ಟಿ ನಕ್ಕ. "ಏನೋ ಹಂಪ, ಬುಟ್ಟಿ ಮಾರೋಕೆ ಬಂದೆಯಾ?"

"ಬುಟ್ಟಿ ಸಂತೆಗೆ ತಂದರಾಯಿತು ಬಿಡಿ, ಸೆಟ್ಟರೇ" ಎಂದು ಹಂಪಯ್ಯ ಕೂತುಕೊಂಡ.

ಮಂತ್ರಿಗಳು ಮುದ್ರೆ ಒಡೆದು ಮೊದಲ ಓಲೆ ಹಿಡಿದರು. "ಇದಕ್ಕೆ ಕಾಲಿಲ್ಲ, ಆದರೂ ಊರೂರು ತಿರುಗುತ್ತದೆ..."

ಠಣ್! ವೀರನಾಯಕ ಗಂಟೆ ಹೊಡೆದೇ ಬಿಟ್ಟ. "ಗಾಳಿ!"

"ತಪ್ಪು. ಒಗಟು ಇನ್ನೂ ಮುಗಿದಿರಲಿಲ್ಲ. ಮುಂದೆ ಕೇಳಿ: ಬಾಯಿಲ್ಲ, ಆದರೂ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳುತ್ತದೆ. ಕಳಿಸಿದರಷ್ಟೇ ಹೋಗುತ್ತದೆ. ಏನದು?"

ಭಟರು ವೀರನಾಯಕನನ್ನು ಕಂಬಕ್ಕೆ ಕಟ್ಟುತ್ತಿದ್ದರು. ಹಂಪಯ್ಯ ಕೊನೆಯ ಮಾತಿನವರೆಗೂ ಕೇಳಿ ಗಂಟೆ ಹೊಡೆದ. "ಬರೆದು ಕಳಿಸಿದ ಓಲೆ, ಸ್ವಾಮಿ."

"ಸರಿ!"

ಎರಡನೆಯ ಓಲೆ ಬಂತು. "ಒಂದೇ ಮನೆಯಲ್ಲಿ ಇಬ್ಬರು. ಒಬ್ಬ ಒಳ್ಳೆಯದನ್ನು ಕೆಳಗೆ ಬಿಟ್ಟು ಕಸ ಇಟ್ಟುಕೊಳ್ಳುತ್ತಾನೆ. ಇನ್ನೊಬ್ಬ ಕಸ ಹಾರಿಸಿ ಒಳ್ಳೆಯದನ್ನು ಇಟ್ಟುಕೊಳ್ಳುತ್ತಾನೆ..."

ಠಣ್! ಮಠದ ನಾಯಕ ಕಣ್ಣು ಮುಚ್ಚಿ, "ಒಬ್ಬ ಅಜ್ಞಾನಿ, ಒಬ್ಬ ಜ್ಞಾನಿ" ಎಂದ.

"ತಪ್ಪು. ಇಬ್ಬರೂ ಇಲ್ಲದೆ ಆ ಮನೆಯಲ್ಲಿ ರೊಟ್ಟಿಯಾಗುವುದಿಲ್ಲ. ಯಾರವರು?"

ಅಯ್ಯೋ, ಓದು ಹೆಚ್ಚಾದರೆ ಅಡುಗೆಮನೆ ಮರೆತೇ ಹೋಗುತ್ತದೆ ನೋಡಿ! ಭಟರು ಮಠದ ನಾಯಕನನ್ನೂ ಕಂಬಕ್ಕೆ ಕಟ್ಟಿದರು. ಹಂಪಯ್ಯ ಗಂಟೆ ಹೊಡೆದು ಹೇಳಿದ: "ಜರಡಿ ಮತ್ತು ಮೊರ. ಜರಡಿ ಹಿಟ್ಟು ಬಿಟ್ಟು ತೌಡು ಹಿಡಿಯುತ್ತದೆ. ಮೊರ ಹೊಟ್ಟು ಹಾರಿಸಿ ಕಾಳು ಹಿಡಿಯುತ್ತದೆ."

"ಸರಿ!" ಎಂದರು ಮಂತ್ರಿಗಳು. ಸಂಗಡಿಗರು ಅವನ ಬೆನ್ನು ತಟ್ಟಿದರು. ಇನ್ನೊಂದು ಬಿಡಿಸಿದರೆ ಊರು ಅವರದು.

ಮೂರನೆಯ ಓಲೆ. ಈಗ ಉಳಿದ ಇಬ್ಬರು ನಾಯಕರೂ ಕೊನೆಯವರೆಗೂ ಕಾದರು. "ದುಂಡು ಮುಖ. ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಪಡೆದು ಕತ್ತಲಿಗೆ ಹಂಚುತ್ತದೆ. ಕೂಸು ಇದನ್ನು ಕಂಡರೆ ಕೈ ಚಾಚುತ್ತದೆ. ಏನದು?"

ಮಾಣಿಕಸೆಟ್ಟಿಯ ಗಂಟೆ ಕೂದಲೆಳೆಯಷ್ಟು ಮುಂದಾಯಿತು. "ಚಂದ್ರ!"

ಮಂತ್ರಿಗಳು ಓಲೆ ನೋಡಿ ತಲೆಯಾಡಿಸಿದರು. "ತಪ್ಪು."

ಸೆಟ್ಟಿಯ ಮುಖ ಬಿಳಿಚಿತು. "ಅದು ಹೇಗೆ ಸ್ವಾಮಿ..." ಎನ್ನಲು ಹೋದ. ಅಷ್ಟರಲ್ಲೇ ಭಟರು ಅವನನ್ನೂ ಕಂಬಕ್ಕೆ ಕಟ್ಟಿದರು.

ಹಂಪಯ್ಯನ ಸಂಗಡಿಗರು ಅವನ ಪಕ್ಕೆ ತಿವಿದರು. "ಹೊಡಿಯೋ ಗಂಟೆ! ಇನ್ಯಾರಿದ್ದಾರೆ ಅಡ್ಡ ಬರೋಕೆ?" ಹಂಪಯ್ಯ ಗಂಟೆಯ ಹತ್ತಿರ ಕೈ ಒಯ್ದು ಹಿಂದಕ್ಕೆ ತೆಗೆದ. ಹೊಡೆದರೆ ತಕರಾರಿನ ಹೊತ್ತು ಮುಗಿಯಿತು, ಸೆಟ್ಟಿಯ ಕತೆಯೂ ಮುಗಿಯಿತು. ಅವನಿಗೆ ಭಯವಾಯಿತು. ಆದರೂ ಎದ್ದು ನಿಂತ.

"ತಕರಾರು, ಸ್ವಾಮಿ. ಸೆಟ್ಟರ ಉತ್ತರ ಸರಿ."

ಸಭೆ ಗೊಳ್ಳೆಂದಿತು. "ತಲೆ ನೆಟ್ಟಗಿದೆಯೇನೋ?" ಎಂದು ಮಂತ್ರಿಗಳು ಗದರಿದರು.

"ಸಂಜೆವರೆಗಂತೂ ಇದೆ. ಚಂದ್ರನ ಮುಖ ದುಂಡಗಿಲ್ಲವೇ? ಅವನ ಬೆಳಕು ಸೂರ್ಯನದು, ಬೇಕಾದರೆ ಆಸ್ಥಾನದ ಜೋಯಿಸರನ್ನು ಕೇಳಿ. ರಾತ್ರಿಯ ಕತ್ತಲಿಗೆ ಬೆಳಕು ಹಂಚುವವನು ಅವನೇ. ಚಂದಮಾಮ ಬೇಕೆಂದು ಕೈ ಚಾಚದ ಕೂಸು ಯಾವ ಮನೆಯಲ್ಲಿದೆ? ನಿಮ್ಮ ಓಲೆಯಲ್ಲಿ ಕನ್ನಡಿ ಎಂದಿರಬೇಕು. ಅದೂ ಸರಿ. ಬಿಸಿಲಿಗೆ ಹಿಡಿದರೆ ಅದೂ ಕತ್ತಲ ಕೋಣೆಗೆ ಬೆಳಕು ಚೆಲ್ಲುತ್ತದೆ. ಒಗಟಿಗೆ ಎರಡು ಬಾಗಿಲಿದ್ದರೆ ತಪ್ಪು ಒಳಗೆ ಬಂದವನದಲ್ಲ, ಮನೆ ಕಟ್ಟಿದವನದು."

ಜೋಯಿಸರು ಹೌದೆಂದು ಗೋಣು ಹಾಕಿದರು. ದೊರೆ ಮಂತ್ರಿಗಳ ಕೈಯಿಂದ ಓಲೆ ತೆಗೆದುಕೊಂಡು ಓದಿದ. "ಕನ್ನಡಿ" ಎಂದೇ ಇತ್ತು. ಆ ಒಗಟು ಕಟ್ಟಿದವನು ದೊರೆಯೇ.

"ಉತ್ತರ ನಿನಗೆ ಗೊತ್ತಿತ್ತಲ್ಲೋ. ಹೇಳಿದ್ದರೆ ಊರು ನಿನ್ನದಾಗುತ್ತಿತ್ತು. ಈಗ ನಿನ್ನದು ಎರಡು, ಅವನದು ಒಂದು. ಊರು ಯಾರಿಗೂ ಇಲ್ಲ. ಯಾಕೆ ಹೀಗೆ ಮಾಡಿದೆ?"

"ಸರಿ ಹೇಳಿದವನ ತಲೆಯೂ ಹೋಗುತ್ತದೆ ಅಂತಾದರೆ, ದೊರೆಯೇ, ನಾಳೆ ನಿಮ್ಮ ಮುಂದೆ ಬಾಯಿ ಬಿಡುವವರು ಯಾರು? ನಿಮ್ಮ ಒಗಟು ನಿಮಗೇ ಉಳಿಯುತ್ತದೆ."

ದೊರೆ ಓಲೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಕೈಸನ್ನೆ ಮಾಡಿ ಮೂವರ ಹಗ್ಗವನ್ನೂ ಬಿಚ್ಚಿಸಿದ. ಮಾಣಿಕಸೆಟ್ಟಿ ಓಡಿ ಬಂದು ಹಂಪಯ್ಯನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

ಹಂಪಯ್ಯನಿಗೆ ಊರು ಸಿಗಲಿಲ್ಲ, ಅದಕ್ಕಿಂತ ದೊಡ್ಡದು ಸಿಕ್ಕಿತು. ದೊರೆ ಅವನನ್ನೇ ಪಂದ್ಯದ ತೀರ್ಪುಗಾರನನ್ನಾಗಿ ಮಾಡಿ, ನಿಯಮ ಬರೆಯುವ ಲೇಖನಿಯನ್ನು ಅವನ ಕೈಗೆ ಕೊಟ್ಟ. ಅವನು ಗಂಟೆಯ ನಿಯಮ ಹಾಗೇ ಇಟ್ಟ, ತಕರಾರಿನದೂ ಇಟ್ಟ. ತಲೆದಂಡವನ್ನು ಹೊಡೆದುಹಾಕಿ, ಸರಿ ಹೇಳಿದವರಿಗೆ ಹತ್ತು ಅಂಕ, ಆತುರಪಟ್ಟು ತಪ್ಪು ಹೇಳಿದವರಿಗೆ ಐದು ಅಂಕ ಕಡಿತ ಎಂದಷ್ಟೇ ಬರೆದ.

ಅಂದಿನಿಂದ ಹಿರೇಸಾಗರದಲ್ಲಿ ತಪ್ಪು ಉತ್ತರ ಹೇಳಿದವರು ಸಂಜೆ ಮನೆಗೆ ಹೋಗಿ ಊಟ ಮಾಡುತ್ತಾರೆ.